ಮೂರು ತಂತಿಯ ಮೋಟಾರು

ಕೃಷ್ಣೆಯ ದಂಡೆಯ ಊರುಗಳಿಗೆ ಮೋಟಾರು ಹೊಸದಲ್ಲ. ಚಿಕ್ಕೋಡಿ ಸೀಮೆಯ ಯಡೂರು, ಕಲ್ಲೋಳಗಳಿಂದ ಹಿಡಿದು ಕಾಗವಾಡದ ಕಡೆಯ ಉಗಾರ, ರಾಯಬಾಗದ ಕುಡಚಿ, ಅಥಣಿಯ ದರೂರುಗಳವರೆಗೆ ಹೊಳೆಯ ನೀರನ್ನು ಮೇಲೆತ್ತಿ ಕಬ್ಬಿನ ಹೊಲಕ್ಕೆ ಹರಿಸುವ ಕೆಲಸ ಮೋಟಾರಿನದೇ. ನಿಪ್ಪಾಣಿಯ ಬದಿಗೆ ವೇದಗಂಗೆ, ದೂಧಗಂಗೆಗಳ ದಂಡೆಯ ಮೇಲೂ ಇದೇ ಮಾತು. ಅದು ಒಂದು ವಾರ ಕೆಟ್ಟು ನಿಂತರೆ ಬೆಳೆಯೊಡನೆ ಮನೆಯವರ ಮುಖವೂ ಬಾಡುತ್ತದೆ.

ಈಚಿನ ವರ್ಷಗಳಲ್ಲಿ ಪಟ್ಟಣದ ಮನೆಗಳಿಗೆ ಇನ್ನೊಂದು ಬಗೆಯ ಮೋಟಾರು ಬಂದಿದೆ. ಅದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ರಿಮೋಟಿನ ಆಜ್ಞೆಗೆ ಓಡುವ ಆಟದ ಕಾರಿನ ಹೊಟ್ಟೆಯಲ್ಲಿ ಕುಳಿತು, ಬಯಲಿನಲ್ಲಿ ಧೂಳೆಬ್ಬಿಸುತ್ತ, ಸೈಕಲ್ಲನ್ನು ಹಿಂದೆ ಹಾಕಿ ಓಡಬಲ್ಲದು. ಬಿಡಿಭಾಗಗಳನ್ನು ಕೊರಿಯರಿನಲ್ಲಿ ತರಿಸಿಕೊಂಡು ತಾವೇ ಇಂಥ ಬಂಡಿ ಕಟ್ಟುವ ಹುಡುಗರು ಈಗ ಸಣ್ಣ ಊರುಗಳಲ್ಲಿಯೂ ಉಂಟು. ಆಟವೆಂದು ಇದನ್ನು ಅಲ್ಲಗಳೆಯುವಂತಿಲ್ಲ. ಒಂದು ಕಡೆ ತಂದೆಯ ಹಣ, ಇನ್ನೊಂದು ಕಡೆ ಮಗನ ಉತ್ಸಾಹ. ಮೋಟಾರಿನ ಆಯ್ಕೆ ತಪ್ಪಿದರೆ ಎರಡೂ ಒಂದೇ ಸಂಜೆಯಲ್ಲಿ ಸುಟ್ಟುಹೋಗುತ್ತವೆ. ಬ್ಯಾಟರಿಯನ್ನು ಅಲಕ್ಷಿಸಿದರೆ ಮನೆಗೇ ಅಪಾಯ. ಆದುದರಿಂದ ಈ ಮೋಟಾರನ್ನು ಆರಿಸುವ ಮತ್ತು ಜೋಡಿಸುವ ಕ್ರಮವನ್ನು ಹುಡುಗರೊಡನೆ ಹಿರಿಯರೂ ಅರಿತಿರುವುದು ಒಳ್ಳೆಯದು.

ಬ್ರಷ್ ಏಕೆ ಬೇಡವಾಯಿತು?

ಅಡಿಗೆಮನೆಯ ಮಿಕ್ಸರನ್ನು ಕತ್ತಲೆಯಲ್ಲಿ ತಿರುಗಿಸಿ, ಗಾಳಿಯ ಕಂಡಿಯೊಳಗೆ ಇಣುಕಿ ನೋಡಿದವರಿಗೆ ನೀಲಿಯ ಸಣ್ಣ ಕಿಡಿಗಳು ಕಂಡಿರಬಹುದು. ಅದರ ಮೋಟಾರಿನಲ್ಲಿ ತಾಮ್ರದ ಸುರುಳಿಯೇ ತಿರುಗುತ್ತದೆ. ತಿರುಗುವ ಸುರುಳಿಗೆ ವಿದ್ಯುತ್ತನ್ನು ಮುಟ್ಟಿಸಲು, ಉಜ್ಜುತ್ತಲೇ ಇರುವ ಎರಡು ಇಂಗಾಲದ ತುಂಡುಗಳನ್ನು ಇಟ್ಟಿರುತ್ತಾರೆ. ಇವೇ ಕಾರ್ಬನ್ ಬ್ರಷ್‌ಗಳು. ಹೆಸರು ಬ್ರಷ್ ಆದರೂ ಇವಕ್ಕೆ ಚಿತ್ರಗಾರನ ಕುಂಚದಂತೆ ಕೂದಲಿಲ್ಲ. ಬಳಪದ ತುಂಡಿನಂತೆ ಇರುತ್ತವೆ, ಬಳಪದಂತೆಯೇ ಸವೆಯುತ್ತವೆ. ಉಜ್ಜುವಲ್ಲಿ ಶಕ್ತಿ ವ್ಯರ್ಥವಾಗುತ್ತದೆ, ಕಿಡಿ ಹಾರುತ್ತದೆ, ಕರಿಯ ಪುಡಿ ಉದುರುತ್ತದೆ. ಅಗ್ಗದ ಆಟಿಕೆಗಳಲ್ಲಿ ಇರುವುದು ಇದೇ ಜಾತಿಯ ಮೋಟಾರು. ಅದಕ್ಕೆ ಎರಡೇ ತಂತಿ.

ಬ್ರಷ್ ಇಲ್ಲದ ಮೋಟಾರಿನಲ್ಲಿ ವ್ಯವಸ್ಥೆ ತಲೆಕೆಳಗು. ಸುರುಳಿ ಕದಲದೆ ನಿಂತಿರುತ್ತದೆ, ಅಯಸ್ಕಾಂತ ತಿರುಗುತ್ತದೆ. ನಿಂತ ಸುರುಳಿಗೆ ತಂತಿಯನ್ನು ನೇರವಾಗಿ ಬೆಸೆಯಬಹುದು. ಉಜ್ಜುವ ಕೆಲಸವೇ ಇಲ್ಲ. ಆದರೆ ಯಾವ ಸುರುಳಿಗೆ ಯಾವ ಕ್ಷಣದಲ್ಲಿ ವಿದ್ಯುತ್ತು ಹರಿಯಬೇಕೆಂದು ಯಾರಾದರೂ ನಿರ್ಣಯಿಸಬೇಕಲ್ಲವೇ? ಆ ನಿರ್ಣಾಯಕನೇ ವೇಗ ನಿಯಂತ್ರಕ. ಅಂಗಡಿಯವರು ಇದನ್ನು ಇ.ಎಸ್.ಸಿ. ಎನ್ನುತ್ತಾರೆ. ಅದರೊಳಗಿನ ಟ್ರಾನ್ಸಿಸ್ಟರುಗಳು ಬ್ಯಾಟರಿಯ ವಿದ್ಯುತ್ತನ್ನು ಮೂರು ತಂತಿಗಳಲ್ಲಿ ಸರದಿಯಂತೆ ಹರಿಸುತ್ತವೆ. ಒಮ್ಮೆಗೆ ಎರಡು ತಂತಿಗಳು ದುಡಿಯುತ್ತವೆ; ಮೂರನೆಯದಕ್ಕೆ ಬಿಡುವು. ಆರು ಹೆಜ್ಜೆಗಳಲ್ಲಿ ಒಂದು ಸುತ್ತಿನ ಸರದಿ ಪೂರ್ಣವಾಗುತ್ತದೆ. ಸುರುಳಿಗಳ ಕಾಂತಬಲ ಮುಂದೆ ಮುಂದೆ ಸರಿಯುತ್ತದೆ, ಅಯಸ್ಕಾಂತ ಅದನ್ನು ಬೆನ್ನಟ್ಟಿ ತಿರುಗುತ್ತದೆ.

ಹೊಳೆದಂಡೆಯ ಪಂಪಿನ ಮೋಟಾರಿಗೂ ಬ್ರಷ್ ಇಲ್ಲ, ಅದಕ್ಕೂ ಮೂರು ತಂತಿ! ಅಲ್ಲಿ ಮೂರು ಫೇಸುಗಳನ್ನು ಸರದಿಯಂತೆ ಕಳಿಸುವ ಹೊಣೆ ವಿದ್ಯುತ್ ಕೇಂದ್ರದ್ದು; ಸೆಕೆಂಡಿಗೆ 50 ಆವರ್ತನ. ಇಲ್ಲಿ ಅದೇ ಹೊಣೆಯನ್ನು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಇ.ಎಸ್.ಸಿ. ಹೊತ್ತಿದೆ. ಪಂಪಿನ ಮೋಟಾರಿನೊಳಗೆ ಅಯಸ್ಕಾಂತವಿಲ್ಲ, ಆಟದ ಮೋಟಾರಿನಲ್ಲಿ ಉಂಟು ಎಂಬ ಭೇದವನ್ನು ಬಿಟ್ಟರೆ, ಇವೆರಡನ್ನೂ ದಾಯಾದಿಗಳೆಂದು ಕರೆಯಲು ಅಡ್ಡಿಯಿಲ್ಲ.

ಈ ವಂಶದ ಇತಿಹಾಸವೂ ಸ್ವಾರಸ್ಯವಾಗಿದೆ. ನಿಕೋಲಾ ಟೆಸ್ಲಾ ಅಮೆರಿಕೆಯಲ್ಲಿ ತನ್ನ ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರಿಗೆ ಪೇಟೆಂಟು ಪಡೆದದ್ದು 1888ರಲ್ಲಿ. ಅದೇ 1888ರಲ್ಲಿ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ಲಿನ ಚಿಕ್ಕ ಅಂಗಡಿಯೊಂದನ್ನು ತೆರೆದರು. ಆ ಅಂಗಡಿ ಬೆಳೆದು ಕಬ್ಬಿಣದ ನೇಗಿಲಿನ ಕಾರಖಾನೆಯಾಯಿತು. 1910ರಲ್ಲಿ ಔಂಧ ಸಂಸ್ಥಾನದ ಕುಂಡಲದ ಬಳಿಗೆ ಹೋಗಿ ಕಿರ್ಲೋಸ್ಕರವಾಡಿ ಎನಿಸಿತು. ಕಾಗವಾಡದಿಂದ ಗಡಿ ದಾಟಿ ಮಿರಜಕ್ಕೆ ಹೋಗಿ, ಅಲ್ಲಿ ಪುಣೆಯ ಗಾಡಿ ಹತ್ತಿದವರಿಗೆ ಆ ನಿಲ್ದಾಣ ಪರಿಚಿತ. 1946ರಲ್ಲಿ ಅದೇ ಮನೆತನದ ಉದ್ಯಮ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಾರಖಾನೆಯನ್ನು ಸ್ಥಾಪಿಸಿತು. ಟೆಸ್ಲಾನ ಕಲ್ಪನೆ ಕನ್ನಡ ರೈತನ ಹೊಲಕ್ಕೆ ಬಂದ ದಾರಿಗಳಲ್ಲಿ ಇದೂ ಒಂದು.

ಇನ್ನೂ ಒಂದು ಸಂಗತಿ ಉಂಟು. 1898ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಇದೇ ಟೆಸ್ಲಾ ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿಯೊಂದನ್ನು ತೇಲಿಬಿಟ್ಟು, ದೂರದಲ್ಲಿ ನಿಂತು ರೇಡಿಯೋ ಅಲೆಗಳಿಂದ ನಡೆಸಿ ತೋರಿಸಿದನು. ನೋಡಿದವರು ಬೆರಗಾದರು. ಬ್ರಷ್ ಇಲ್ಲದ ಮೋಟಾರು, ರೇಡಿಯೋ ಆಜ್ಞೆ ಎರಡೂ ಒಬ್ಬನ ಕೈಯಲ್ಲಿಯೇ ಆಡಿದ್ದರೂ, ಅವು ಆಟದ ಬಂಡಿಯಲ್ಲಿ ಒಂದಾಗಲು ಬಹುಕಾಲ ಹಿಡಿಯಿತು. ಬ್ಯಾಟರಿಯಿಂದ ನಡೆಯುವ ಬ್ರಷ್ ಇಲ್ಲದ ಮೋಟಾರನ್ನು ಟ್ರಾನ್ಸಿಸ್ಟರುಗಳ ನೆರವಿನಿಂದ ನಡೆಸುವ ಬಗೆಯನ್ನು ವಿಲ್ಸನ್, ಟ್ರಿಕಿ ಎಂಬ ಇಬ್ಬರು 1962ರಲ್ಲಿ ವಿವರಿಸಿದರು. 1980ರ ದಶಕದಲ್ಲಿ ನಿಯೋಡಿಮಿಯಮ್ಮಿನ ಬಲವಾದ ಅಯಸ್ಕಾಂತ ಬಂದಿತು. 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಇಳಿಯಿತು. ಅಲ್ಲಿಗೆ ಅಂಗೈಯಗಲದ ಮೋಟಾರಿಗೆ ಕುದುರೆಯ ಕಸುವು ಬರಲು ಬೇಕಾದ ಸಾಮಗ್ರಿಯೆಲ್ಲ ಕೂಡಿಬಂದಿತು.

ಅಂಕಿಯ ಮೋಹ

ಮೋಟಾರನ್ನು ಕೊಳ್ಳುವಾಗ ಮೊದಲು ಕಣ್ಣಿಗೆ ಬೀಳುವುದು ಅದರ ಮೇಲಿನ ಒಂದು ಅಂಕಿ: 2000 ಕೆ.ವಿ., 3000 ಕೆ.ವಿ., 4500 ಕೆ.ವಿ. ಊರ ಹೊರಗಿನ 11 ಕೆ.ವಿ. ಲೈನಿನ ಕೆಳಗೆ ಓಡಾಡುವವರು ಇದನ್ನು ಕಂಡು ಗಾಬರಿಗೊಳ್ಳಬೇಕಾಗಿಲ್ಲ. ಅಲ್ಲಿ ಕೆ.ವಿ. ಎಂದರೆ ಕಿಲೋವೋಲ್ಟ್. ಇಲ್ಲಿ ಅದರ ಅರ್ಥ ಬೇರೆ: ಹೊರೆಯಿಲ್ಲದೆ ತಿರುಗುವಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. 3000 ಕೆ.ವಿ. ಮೋಟಾರಿಗೆ 7.4 ವೋಲ್ಟಿನ ಬ್ಯಾಟರಿ ಕೊಟ್ಟರೆ ನಿಮಿಷಕ್ಕೆ 22,200 ಸುತ್ತು. ಪಂಪಿನ ಮೋಟಾರು ತಿರುಗುವುದು ನಿಮಿಷಕ್ಕೆ 1,440 ಅಥವಾ 2,880ರ ಆಸುಪಾಸಿನಲ್ಲಿ ಎಂಬುದನ್ನು ನೆನೆದರೆ ಈ ವೇಗದ ಪ್ರಮಾಣ ಮನಸ್ಸಿಗೆ ಬಂದೀತು.

ದೊಡ್ಡ ಅಂಕಿಯೇ ದೊಡ್ಡ ಶಕ್ತಿ ಎಂದು ತಿಳಿಯುವುದು ಸಹಜ. ಆದರೆ ಅದು ಭ್ರಮೆ. ಕೆ.ವಿ. ಹೆಚ್ಚಿದಂತೆ, ಒಂದು ಆಂಪಿಯರಿಗೆ ಮೋಟಾರು ಕೊಡುವ ತಿರುಚುಬಲ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. 1500 ಕೆ.ವಿ. ಮೋಟಾರು ಒಂದು ಆಂಪಿಯರಿನಲ್ಲಿ ತೋರುವ ಬಲವನ್ನು ತೋರಲು 3000 ಕೆ.ವಿ. ಮೋಟಾರಿಗೆ ಎರಡು ಆಂಪಿಯರು ಬೇಕು. ಏರು ದಾರಿಯಲ್ಲಿ ಕಬ್ಬಿನ ಗಾಡಿಯನ್ನು ಎಳೆಯಲು ಓಟದ ಕುದುರೆಯನ್ನು ಕಟ್ಟುವವರಿಲ್ಲ, ಎತ್ತನ್ನೇ ಕಟ್ಟುತ್ತಾರೆ. ಕುದುರೆ ದುರ್ಬಲವೆಂದಲ್ಲ, ಆ ಕೆಲಸಕ್ಕೆ ತಕ್ಕುದಲ್ಲ. ಮೋಟಾರಿನ ಆಯ್ಕೆಯ ರಹಸ್ಯವೆಲ್ಲ ಇಷ್ಟರಲ್ಲಿದೆ: ಮೊದಲು ಹೊರೆಯನ್ನು ಅರಿಯಬೇಕು, ಆಮೇಲೆ ವೇಗವನ್ನು ಕೇಳಬೇಕು.

ಹೊರೆ ಮೀರಿದಾಗ ಮೋಟಾರು ನಿಧಾನವಾಗುತ್ತದೆ; ನಿಧಾನವಾದಷ್ಟೂ ಹೆಚ್ಚು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಪ್ರವಾಹ ಇಮ್ಮಡಿಯಾದರೆ ತಾಮ್ರದಲ್ಲಿ ಹುಟ್ಟುವ ಬಿಸಿ ನಾಲ್ಮಡಿ. ನಿಯೋಡಿಮಿಯಮ್ ಅಯಸ್ಕಾಂತಗಳಲ್ಲಿ ಸಾಮಾನ್ಯ ದರ್ಜೆಯವು ಸುಮಾರು 80 ಡಿಗ್ರಿ ಸೆಂಟಿಗ್ರೇಡ್ ದಾಟಿದರೆ ತಮ್ಮ ಬಲವನ್ನು ಕಳೆದುಕೊಳ್ಳತೊಡಗುತ್ತವೆ. ಆರಿದ ಮೇಲೂ ಅದು ಪೂರ್ತಿಯಾಗಿ ಮರಳುವುದಿಲ್ಲ. ಸುರುಳಿಯ ಮೇಲಿನ ವಾರ್ನಿಷು ಕರಗಿದರಂತೂ ಮೋಟಾರಿನ ಆಯುಷ್ಯ ಮುಗಿದಂತೆಯೇ. ಅಥಣಿಯ ಕಡೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದಲ್ಲಿ ಬಂಡಿಯನ್ನು ಓಡಿಸುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಆಯ್ಕೆಯ ಲೆಕ್ಕ

ಮೊದಲನೆಯದು ಗಾತ್ರ. ಮೋಟಾರಿನ ಮೇಲೆ 3650 ಎಂದು ಬರೆದಿದ್ದರೆ ಅದರ ವ್ಯಾಸ 36 ಮಿಲಿಮೀಟರು, ಉದ್ದ 50 ಮಿಲಿಮೀಟರು. ನಿಜವಾದ ಕಾರಿನ ಹತ್ತನೆಯ ಒಂದರಷ್ಟಿರುವ ಬಂಡಿಗೆ ಈ ಅಳತೆ ಸರಿ. ಎಂಟನೆಯ ಒಂದರಷ್ಟಿರುವ ಭಾರಿ ಬಂಡಿಗೆ 40 ಮಿಲಿಮೀಟರಿಗೆ ಮೇಲ್ಪಟ್ಟ ವ್ಯಾಸದ ಮೋಟಾರು ಬೇಕಾಗುತ್ತದೆ. ಇಲ್ಲೊಂದು ಎಚ್ಚರಿಕೆ: ಹಾರುವ ಯಂತ್ರಗಳ ಮೋಟಾರಿನಲ್ಲಿ ಇಂಥ ಅಂಕಿ ಸಾಮಾನ್ಯವಾಗಿ ಒಳಗಿನ ಸುರುಳಿಯ ಕಂಬದ ಅಳತೆಯೇ ಹೊರತು ಹೊರಗಿನ ಡಬ್ಬಿಯದಲ್ಲ. ಹಾರುವ ಯಂತ್ರಗಳಿಗೆ ಹೊರಕವಚವೇ ತಿರುಗುವ ಬಗೆಯೂ, ಕಾರುಗಳಿಗೆ ಹೆಚ್ಚಾಗಿ ಒಳಗಿನ ದಂಡ ಮಾತ್ರ ತಿರುಗುವ ಬಗೆಯೂ ಬಳಕೆಯಲ್ಲಿವೆ. ಎರೆ ಮಣ್ಣಿನ ಧೂಳಿನಲ್ಲಿ ಓಡುವ ಬಂಡಿಗೆ, ಕವಚ ಕದಲದಿರುವ ಎರಡನೆಯ ಬಗೆಯೇ ಲೇಸು.

ಎರಡನೆಯದು ಗೇರು. ಮೋಟಾರಿನ ದಂಡಕ್ಕೆ ಸಿಕ್ಕಿಸುವ ಚಿಕ್ಕ ಹಲ್ಲುಗಾಲಿ ಪಿನಿಯನ್. ಅದು ತಿರುಗಿಸುವ ದೊಡ್ಡದು ಸ್ಪರ್. ಪಿನಿಯನ್ನಿಗೆ 15 ಹಲ್ಲು, ಸ್ಪರ್‌ಗೆ 60 ಹಲ್ಲು ಇದ್ದರೆ ವೇಗ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಬಂಡಿಯ ಒಳಗಿನ ಗೇರುಗಳು ಇನ್ನೂ ಎರಡೂವರೆ ಪಾಲು ಇಳಿಸಿದರೆ ಒಟ್ಟು ಹತ್ತು ಪಾಲು. 22,200 ಸುತ್ತಿನ ಮೋಟಾರು ಗಾಲಿಯನ್ನು ನಿಮಿಷಕ್ಕೆ 2,220 ಸುತ್ತು ತಿರುಗಿಸುತ್ತದೆ. ಗಾಲಿಯ ವ್ಯಾಸ 10 ಸೆಂಟಿಮೀಟರಾದರೆ ಸುತ್ತಳತೆ 31.4 ಸೆಂಟಿಮೀಟರು. ಗುಣಿಸಿದರೆ ನಿಮಿಷಕ್ಕೆ ಸುಮಾರು 697 ಮೀಟರು, ಅಂದರೆ ಗಂಟೆಗೆ ಸುಮಾರು 42 ಕಿಲೋಮೀಟರು. ಗಾಳಿಯ ತಡೆ, ನೆಲದ ತಡೆಗಳಿಂದ ನಿಜವಾದ ವೇಗ ಇದಕ್ಕಿಂತ ಕಡಿಮೆಯೇ ಇರುತ್ತದೆ. ಇಷ್ಟು ಸಾಲದೆಂದು 11.1 ವೋಲ್ಟಿನ ಬ್ಯಾಟರಿಯನ್ನು ಹಾಕಿದರೆ ಲೆಕ್ಕದಲ್ಲಿ ವೇಗ ಗಂಟೆಗೆ 63 ಕಿಲೋಮೀಟರಿಗೆ ಏರುತ್ತದೆ. ಪ್ರವಾಹವೂ ಬಿಸಿಯೂ ಅದರೊಡನೆ ಏರುತ್ತವೆ. ವೋಲ್ಟೇಜು ಏರಿಸಿದವರು ಪಿನಿಯನ್ನಿನ ಹಲ್ಲನ್ನು ಇಳಿಸಬೇಕು.

ಮೂರನೆಯದು ಇ.ಎಸ್.ಸಿ.ಯ ಶಕ್ತಿ. ಮೋಟಾರು ಗರಿಷ್ಠ 40 ಆಂಪಿಯರ್ ಎಳೆಯುವುದಾದರೆ ಇ.ಎಸ್.ಸಿ. 60 ಆಂಪಿಯರಿನದಿರಲಿ. ಪಂಪಿಗೆ ಸ್ಟಾರ್ಟರು ಕೊಳ್ಳುವಾಗ ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳುವ ರೈತನ ಜಾಣತನ ಇಲ್ಲಿಯೂ ಸಲ್ಲುತ್ತದೆ. ಜೊತೆಗೆ, ಎಷ್ಟು ಸೆಲ್ಲಿನ ಬ್ಯಾಟರಿಯನ್ನು ಅದು ತಾಳುವುದೆಂಬುದನ್ನೂ ನೋಡಿಕೊಳ್ಳಬೇಕು.

ನಾಲ್ಕನೆಯದು ಬ್ಯಾಟರಿ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ಲಿಗೆ 3.7 ವೋಲ್ಟ್, ಎರಡು ಸೆಲ್ಲಿಗೆ 7.4. ಅದರ ಮೇಲೆ 5000 ಎಂ.ಎ.ಎಚ್., 20 ಸಿ ಎಂದು ಬರೆದಿದ್ದರೆ 5 ಆಂಪಿಯರಿನ 20 ಪಾಲು, ಅಂದರೆ 100 ಆಂಪಿಯರ್ ಕೊಡಬಲ್ಲದೆಂದು ಅರ್ಥ. ಮಾರುವವರ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರುವುದುಂಟಾದ್ದರಿಂದ ಇಲ್ಲಿಯೂ ಅಂತರ ಬಿಟ್ಟುಕೊಳ್ಳುವುದು ಕ್ಷೇಮ. 7.4 ವೋಲ್ಟಿನಲ್ಲಿ 40 ಆಂಪಿಯರ್ ಹರಿದರೆ 296 ವಾಟ್. ಸಾಮಾನ್ಯವಾದ ನಾಲ್ಕು ಸೀಲಿಂಗ್ ಫ್ಯಾನುಗಳು ಬೇಡುವಷ್ಟು ಶಕ್ತಿ ಒಂದು ಆಟದ ಬಂಡಿಯಲ್ಲಿ! ಇದನ್ನು ಕೇವಲ ಆಟಿಕೆ ಎನ್ನುವುದೆಂತು?

ಐದನೆಯದು ಸೆನ್ಸಾರ್. ಅಯಸ್ಕಾಂತ ಈಗ ಯಾವ ದಿಕ್ಕಿಗಿದೆ ಎಂದು ಇ.ಎಸ್.ಸಿ.ಗೆ ತಿಳಿಯದಿದ್ದರೆ ಸರದಿ ತಪ್ಪುತ್ತದೆ. ಕೆಲವು ಮೋಟಾರುಗಳಲ್ಲಿ ಇದನ್ನು ತಿಳಿಸಲು ಮೂರು ಹಾಲ್ ಸೆನ್ಸಾರುಗಳಿರುತ್ತವೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಕಾಂತಪರಿಣಾಮವೇ ಇವಕ್ಕೆ ಆಧಾರ. ಸೆನ್ಸಾರ್ ಇಲ್ಲದ ಮೋಟಾರಿನಲ್ಲಿ, ಬಿಡುವಿನಲ್ಲಿರುವ ಮೂರನೆಯ ತಂತಿಯಲ್ಲಿ ಹುಟ್ಟುವ ಅಲ್ಪ ವೋಲ್ಟೇಜನ್ನು ಓದಿ ಇ.ಎಸ್.ಸಿ. ಊಹಿಸಿಕೊಳ್ಳುತ್ತದೆ. ಆದರೆ ನಿಂತ ಮೋಟಾರಿನಲ್ಲಿ ಆ ವೋಲ್ಟೇಜು ಹುಟ್ಟುವುದಿಲ್ಲವಾದ್ದರಿಂದ ಹೊರಡುವಾಗ ಬಂಡಿ ತುಸು ಮುಗ್ಗರಿಸುತ್ತದೆ. ಬಯಲಿನಲ್ಲಿ ವೇಗವಾಗಿ ಓಡಿಸುವವರಿಗೆ ಇದು ಬಾಧಕವಲ್ಲ, ಬೆಲೆಯೂ ಕಡಿಮೆ. ಕಲ್ಲುಬಂಡೆಯ ಮೇಲೆ ಮೆಲ್ಲನೆ ಹತ್ತಿಸುವವರು ಸೆನ್ಸಾರ್ ಉಳ್ಳದ್ದನ್ನೇ ಕೊಳ್ಳಬೇಕು.

ತಂತಿ ಜೋಡಿಸುವ ಕ್ರಮ

ಜೋಡಣೆಯಲ್ಲಿ ಮೂರು ಗುಂಪಿನ ತಂತಿಗಳಿವೆ. ಮೂರಕ್ಕೂ ನಿಯಮ ಬೇರೆ.

ಇ.ಎಸ್.ಸಿ.ಯಿಂದ ಮೋಟಾರಿಗೆ ಹೋಗುವ ಮೂರು ದಪ್ಪ ತಂತಿಗಳದು ಮೊದಲ ಗುಂಪು. ಸೆನ್ಸಾರ್ ಇಲ್ಲದ ಮೋಟಾರಾದರೆ ಯಾವುದನ್ನು ಯಾವುದಕ್ಕೆ ಸೇರಿಸಿದರೂ ಕೆಡುಕಿಲ್ಲ. ಬಂಡಿ ಹಿಂದಕ್ಕೆ ಓಡಿತೇ? ಯಾವುವಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಮುಂದಕ್ಕೆ ಓಡುತ್ತದೆ. ಪಂಪು ತಿರುವುಮುರುವು ತಿರುಗಿದಾಗ ಎರಡು ಫೇಸುಗಳನ್ನು ಬದಲಿಸುವುದನ್ನು ಹೊಲದಲ್ಲಿ ಕಂಡ ಹುಡುಗನಿಗೆ ಈ ಪಾಠವನ್ನು ಹೇಳಿಕೊಡಬೇಕಾದುದೇ ಇಲ್ಲ. ಸೆನ್ಸಾರ್ ಉಳ್ಳ ಮೋಟಾರಿನಲ್ಲಿ ಮಾತ್ರ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಎ, ಬಿ, ಸಿ ಗುರುತುಗಳನ್ನು ನೋಡಿ ಅದದಕ್ಕೆ ಅದದನ್ನೇ ಸೇರಿಸಬೇಕು, ದಿಕ್ಕನ್ನು ಇ.ಎಸ್.ಸಿ.ಯ ಹೊಂದಾಣಿಕೆಯಲ್ಲಿ ಬದಲಿಸಬೇಕು. ಮೂರರಲ್ಲಿ ಒಂದು ತಂತಿ ಸಡಿಲವಾದರೆ ಮೋಟಾರು ತಿರುಗದೆ ನಡುಗುತ್ತದೆ. ಒಂದು ಫೇಸು ಹೋದ ಪಂಪು ಗುಂಯ್ಗುಟ್ಟುತ್ತ ಸುಡುವಂತೆಯೇ ಇದು. ಒಡನೆಯೇ ನಿಲ್ಲಿಸಿ ಬೆಸುಗೆಯನ್ನು ಪರೀಕ್ಷಿಸಬೇಕು.

ಬ್ಯಾಟರಿಯಿಂದ ಇ.ಎಸ್.ಸಿ.ಗೆ ಬರುವ ಕೆಂಪು, ಕಪ್ಪು ತಂತಿಗಳದು ಎರಡನೆಯ ಗುಂಪು. ಇಲ್ಲಿ ಅದಲುಬದಲಿಗೆ ಕ್ಷಮೆಯಿಲ್ಲ. ಕೆಂಪು ಧನ, ಕಪ್ಪು ಋಣ. ಕ್ಷಣಮಾತ್ರ ತಪ್ಪಾಗಿ ಮುಟ್ಟಿಸಿದರೂ ಇ.ಎಸ್.ಸಿ. ಹೊಗೆಯಾಗುತ್ತದೆ. ಆದಕಾರಣ ಒಂದೇ ದಿಕ್ಕಿಗೆ ಮಾತ್ರ ಕೂಡುವ ಕನೆಕ್ಟರನ್ನು ಬಳಸುವುದು ವಿವೇಕ. ಬ್ಯಾಟರಿಯ ಬದಿಗೆ ಲೋಹ ಹೊರಗೆ ಕಾಣದಂಥ ಅರ್ಧವಿರಲಿ. ಕನೆಕ್ಟರಿಗೆ ಬೆಸುಗೆ ಹಾಕುವಾಗ ಕೆಂಪು, ಕಪ್ಪು ತಂತಿಗಳೆರಡನ್ನೂ ಒಟ್ಟಿಗೆ ಬೆತ್ತಲೆ ಮಾಡಬಾರದು. ಒಂದನ್ನು ಬೆಸೆದು, ಕಾಯಿಸಿದರೆ ಕುಗ್ಗುವ ಕೊಳವೆಯಿಂದ ಮುಚ್ಚಿ, ಆಮೇಲೆ ಇನ್ನೊಂದಕ್ಕೆ ಕೈಹಾಕಬೇಕು. ತಂತಿ ಸಾಲದೆ ಬಂದರೆ ಮೋಟಾರಿನ ಬದಿಗೆ ಉದ್ದ ಮಾಡಿಕೊಳ್ಳಿರಿ. ಬ್ಯಾಟರಿಯ ಬದಿಯಲ್ಲಿ ಉದ್ದ ಮಾಡಿದರೆ ವೋಲ್ಟೇಜಿನ ಏರಿಳಿತ ಹೆಚ್ಚಿ ಇ.ಎಸ್.ಸಿ.ಯ ಕೆಪ್ಯಾಸಿಟರುಗಳಿಗೆ ಹಾನಿ.

ಇ.ಎಸ್.ಸಿ.ಯಿಂದ ರಿಸೀವರಿಗೆ ಹೋಗುವ ಮೂರು ಸಣ್ಣ ತಂತಿಗಳದು ಮೂರನೆಯ ಗುಂಪು: ಕಪ್ಪು ಅಥವಾ ಕಂದು ಋಣ, ನಡುವಿನ ಕೆಂಪು ಧನ, ಬಿಳಿ ಅಥವಾ ಕಿತ್ತಳೆ ಬಣ್ಣದ್ದು ರಿಮೋಟಿನ ಆಜ್ಞೆಯನ್ನು ಸಾಗಿಸುವುದು. ಅನೇಕ ಇ.ಎಸ್.ಸಿ.ಗಳು ಇದೇ ಕೆಂಪು ತಂತಿಯಿಂದ ರಿಸೀವರಿಗೂ, ಗಾಲಿಯನ್ನು ಹೊರಳಿಸುವ ಸರ್ವೋಗೂ ಐದಾರು ವೋಲ್ಟನ್ನು ಒದಗಿಸುತ್ತವೆ. ಆಗ ರಿಸೀವರಿಗೆ ಬೇರೊಂದು ಬ್ಯಾಟರಿಯನ್ನು ಸೇರಿಸಬಾರದು.

ಎಲ್ಲವನ್ನೂ ಜೋಡಿಸಿದ ಮೇಲೆ ಬಂಡಿಯನ್ನು ನೆಲಕ್ಕಿಳಿಸುವ ಆತುರ ಬೇಡ. ಗಾಲಿಗಳು ಗಾಳಿಯಲ್ಲಿರುವಂತೆ ಇಟ್ಟಿಗೆಯ ಮೇಲೆ ನಿಲ್ಲಿಸಿ ಮೊದಲ ಪರೀಕ್ಷೆ ನಡೆಯಲಿ. ಮೊದಲು ರಿಮೋಟು, ಆಮೇಲೆ ಬಂಡಿ. ಆರಿಸುವಾಗ ಮೊದಲು ಬಂಡಿ, ಆಮೇಲೆ ರಿಮೋಟು. ಈ ಕ್ರಮ ತಪ್ಪಿದರೆ ಒಡೆಯನಿಲ್ಲದ ಬಂಡಿ ತನಗೆ ತೋಚಿದತ್ತ ನುಗ್ಗೀತು. ನೆಲದ ಮೇಲೆ ಐದು ನಿಮಿಷ ಓಡಿಸಿದ ಬಳಿಕ ನಿಲ್ಲಿಸಿ, ಮೋಟಾರಿನ ಮೇಲೆ ಮೆಲ್ಲನೆ ಬೆರಳಿಟ್ಟು ನೋಡಿರಿ. ಬೆರಳನ್ನು ಕೆಲವು ಕ್ಷಣ ಇಡಲಾಗದಷ್ಟು ಬಿಸಿಯಾಗಿದ್ದರೆ ಪಿನಿಯನ್ನಿನ ಹಲ್ಲು ಹೆಚ್ಚಾಗಿದೆ ಎಂದೇ ತಿಳಿಯಬೇಕು.

ಹಿರಿಯರ ಪಾಲಿನ ಕೆಲಸ

ಮೋಟಾರು ಸುಟ್ಟರೆ ಹಣ ಹೋದೀತು. ಬ್ಯಾಟರಿ ಹೊತ್ತಿದರೆ ಅಷ್ಟಕ್ಕೆ ನಿಲ್ಲದು. ಲಿಥಿಯಂ ಬ್ಯಾಟರಿಯ ಒಳಗಿನ ದ್ರವ ಉರಿಯುವಂಥದು. ಒಂದು ಸೆಲ್ಲು 4.2 ವೋಲ್ಟಿಗೆ ತುಂಬಿದಂತೆ. ಅದಕ್ಕೆ ಮೇಲೆ ತುಂಬಬಾರದು, 3 ವೋಲ್ಟಿನ ಕೆಳಗೆ ಇಳಿಸಬಾರದು. ಪ್ರತಿ ಸೆಲ್ಲನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರನ್ನೇ ಬಳಸಬೇಕು. 3000 ಎಂ.ಎ.ಎಚ್. ಬ್ಯಾಟರಿಯನ್ನು 3 ಆಂಪಿಯರಿಗಿಂತ ಹೆಚ್ಚಿನ ಪ್ರವಾಹದಲ್ಲಿ ತುಂಬದಿರುವುದು ಒಳ್ಳೆಯದು. ಹಾಸಿಗೆ, ಸೋಫಾ, ಮರದ ಕಪಾಟುಗಳ ಮೇಲಿಟ್ಟು ಚಾರ್ಜು ಮಾಡದೆ, ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ, ಎದುರಿಗೇ ಇದ್ದು ಮಾಡಬೇಕು. ರಾತ್ರಿ ಹಚ್ಚಿಟ್ಟು ಮಲಗುವುದು ಸಲ್ಲದು. ಉಬ್ಬಿದ ಬ್ಯಾಟರಿಯ ಮೇಲೆ ಮೋಹ ಬೇಡ. ಅದನ್ನು ಚುಚ್ಚುವುದಾಗಲಿ, ಕಸದ ಬುಟ್ಟಿಗೆ ಎಸೆಯುವುದಾಗಲಿ ಮಾಡದೆ, ಇ-ತ್ಯಾಜ್ಯ ಕೊಳ್ಳುವವರಿಗೆ ಒಪ್ಪಿಸಬೇಕು. ವಾರಗಟ್ಟಲೆ ಓಡಿಸದೆ ಇಡುವುದಾದರೆ ಸೆಲ್ಲಿಗೆ 3.8 ವೋಲ್ಟಿನಷ್ಟು ಉಳಿಸಿ ತಂಪಾದ ಜಾಗದಲ್ಲಿಡಬೇಕು. ಈ ನಿಯಮಗಳನ್ನು ಹುಡುಗರ ಪಾಲಿಗೆ ಬಿಡದೆ ಮನೆಯ ಹಿರಿಯರೇ ಪಾಲಿಸಿ ತೋರಿಸುವುದು ಲೇಸು.

ಇಷ್ಟೆಲ್ಲ ಶ್ರಮ ಒಂದು ಆಟಕ್ಕಾಗಿಯೇ ಎಂದು ಕೆಲವರು ಕೇಳಬಹುದು. ಆದರೆ ಮನೆಯ ಚಾವಣಿಯಲ್ಲಿ ತಿರುಗತೊಡಗಿರುವ ಹೊಸ ಬಿ.ಎಲ್.ಡಿ.ಸಿ. ಫ್ಯಾನಿನೊಳಗೆ ಇರುವುದು ಇದೇ ಬಗೆಯ ಮೋಟಾರು. ಹಳೆಯ ಫ್ಯಾನು ಸುಮಾರು 75 ವಾಟ್ ತಿಂದರೆ ಇದು 30ರ ಆಸುಪಾಸಿನಲ್ಲಿ ತೃಪ್ತಿಗೊಳ್ಳುತ್ತದೆ. ಹೆದ್ದಾರಿಯಲ್ಲಿ ಸದ್ದಿಲ್ಲದೆ ಸಾಗುವ ವಿದ್ಯುತ್ ಸ್ಕೂಟರಿನೊಳಗೂ ಇದರ ಸೋದರನೇ. ಬೆಳೆಗೆ ಔಷಧಿ ಸಿಂಪಡಿಸುವ ಡ್ರೋನನ್ನು ಎತ್ತಿ ಹಿಡಿಯುವುದೂ ಇದೇ. ಮಹಿಳಾ ಸ್ವಸಹಾಯ ಸಂಘಗಳಿಗೆ ಇಂಥ 15,000 ಡ್ರೋನುಗಳನ್ನು ಒದಗಿಸುವ ಯೋಜನೆಗೆ ಕೇಂದ್ರ ಸರಕಾರ 2023ರಲ್ಲಿ ಒಪ್ಪಿಗೆ ನೀಡಿತು. ಇವೆಲ್ಲ ಕೆಟ್ಟಾಗ ನೋಡುವವರು ಯಾರು? ಹೊಸದನ್ನು ಕೊಳ್ಳಿರಿ ಎನ್ನುವವರು ಬೇಕಾದಷ್ಟು ಮಂದಿ. ಬಿಚ್ಚಿ ನೋಡಿ, ದೋಷವನ್ನರಿತು, ತಿದ್ದಿಕೊಡುವವರು ಬೆರಳೆಣಿಕೆಯಷ್ಟು.

ಈ ಸೀಮೆಯಲ್ಲಿ ಅಂಥ ಕೈಗಳಿಗೆ ಬರವಿರಲಿಲ್ಲ. ಸುಟ್ಟ ಪಂಪಿನ ಮೋಟಾರನ್ನು ಬಿಚ್ಚಿ, ಕರಿದಾದ ತಾಮ್ರವನ್ನು ತೆಗೆದು, ಸುತ್ತುಗಳನ್ನು ಎಣಿಸಿ, ಹೊಸ ತಂತಿಯನ್ನು ಸುತ್ತಿ ಮರುಜೀವ ಕೊಡುವ ವೈಂಡಿಂಗ್ ಅಂಗಡಿ ನಮ್ಮ ಪೇಟೆಗಳಿಗೆ ಬಹಳ ಕಾಲದಿಂದ ಪರಿಚಿತ. ಮೂರು ಫೇಸಿನ ಮರ್ಮವನ್ನು ಅಲ್ಲಿಯವರು ಪುಸ್ತಕದಿಂದ ಕಲಿತವರಲ್ಲ, ಬೆರಳಿನಿಂದ ಕಲಿತವರು. ಅವರ ಮಕ್ಕಳು ಆಟದ ಬಂಡಿಯ ಮೂರು ತಂತಿಗಳನ್ನು ಬೆಸೆಯುವಾಗ, ಆ ಹಳೆಯ ವಿದ್ಯೆಗೆ ಇ.ಎಸ್.ಸಿ.ಯ ಹೊಸ ವಿದ್ಯೆ ಸೇರಿಕೊಳ್ಳುತ್ತದೆ. ಐ.ಟಿ.ಐ., ಪಾಲಿಟೆಕ್ನಿಕ್ಕುಗಳಲ್ಲಿ ಕಲಿಯುವವರಿಗೂ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ದೊರೆಯಲಾರದು.

ಆದುದರಿಂದ ಮಗನೋ ಮಗಳೋ ಇಂಥ ಮೋಟಾರನ್ನು ಬೇಡಿದಾಗ ಒಡನೆ ಬೇಡವೆನ್ನಬೇಕಾಗಿಲ್ಲ. ಒಡನೆ ಕೊಡಿಸಬೇಕಾಗಿಯೂ ಇಲ್ಲ. ಕಾಗದ, ಪೆನ್ಸಿಲು ಕೊಟ್ಟು ಕೇಳಿರಿ: ಬಂಡಿಯ ತೂಕವೆಷ್ಟು, ಗೇರಿನ ಹಲ್ಲುಗಳೆಷ್ಟು, ಗಾಲಿಯ ವ್ಯಾಸವೆಷ್ಟು, ಬ್ಯಾಟರಿ ಎಷ್ಟು ವೋಲ್ಟಿನದು, ಎಷ್ಟು ಆಂಪಿಯರು ಹರಿದೀತು? ಈ ಲೆಕ್ಕವನ್ನು ತಪ್ಪಿಲ್ಲದೆ ಮಾಡಿ ತೋರಿಸಿದ ದಿನ ಧಾರಾಳವಾಗಿ ಹಣ ಕೊಡಬಹುದು. ಆ ಹಣ ಬರಿಯ ಆಟಕ್ಕೆ ವೆಚ್ಚವಾಗುವುದಿಲ್ಲ.